ವೆನೆಜುವೆಲಾದ ಎಣ್ಣೆ, ಕೆನಡಾದ ಎಣ್ಣೆ: ತೂಕ ಒಂದೇ, ತೆಗೆಯುವ ದಾರಿ ಬೇರೆ

ಪ್ರಶ್ನೆ: ಜಗತ್ತಿನಲ್ಲೇ ಅತಿ ಹೆಚ್ಚು ಕಚ್ಚಾ ಎಣ್ಣೆ ಇರುವುದು ವೆನೆಜುವೆಲಾದಲ್ಲಿ ಎಂದು ಓದಿದೆ. ಹಾಗಿದ್ದರೂ ಆ ದೇಶ ಸೌದಿ ಅರೇಬಿಯಾದಷ್ಟು ಎಣ್ಣೆ ತೆಗೆಯುವುದಿಲ್ಲ. ಅಲ್ಲಿರುವುದು ‘ಹೆವಿ ಆಯಿಲ್’, ತೆಗೆಯುವುದು ಕಷ್ಟ ಅನ್ನುತ್ತಾರೆ. ಆದರೆ ಕೆನಡಾದ್ದೂ ಹೆವಿ ಆಯಿಲೇ ಅಲ್ವಾ? ಅವರು ಹೇಗೆ ತೆಗೆಯುತ್ತಿದ್ದಾರೆ? ಇಂಥ ಎಣ್ಣೆ ನಮ್ಮ ದೇಶದಲ್ಲೂ ಇದೆಯಾ?

ಉತ್ತರ: ಹೆವಿ ಆಯಿಲ್ ಅಂದರೆ ಎಲ್ಲ ಕಡೆ ಒಂದೇ ಸರಕಲ್ಲ. ವೆನೆಜುವೆಲಾದ ಒರಿನೋಕೊ ಎಣ್ಣೆ, ಕೆನಡಾದ ಅಥಬಾಸ್ಕಾ ಎಣ್ಣೆ ಎರಡೂ ತಕ್ಕಡಿಯಲ್ಲಿ ಹೆಚ್ಚುಕಡಿಮೆ ಒಂದೇ ತೂಗುತ್ತವೆ. ಆದರೆ ನೆಲದೊಳಗೆ ಮೊದಲನೆಯದು ನಿಧಾನವಾಗಿಯಾದರೂ ಹರಿಯುತ್ತದೆ, ಎರಡನೆಯದು ಅಲ್ಲಾಡುವುದೇ ಇಲ್ಲ. ವಿಚಿತ್ರ ನೋಡಿ, ಹರಿಯುವ ಎಣ್ಣೆ ಇಟ್ಟುಕೊಂಡ ದೇಶ ಹಿಂದೆ ಬಿದ್ದಿದೆ. ಅಲ್ಲಾಡದ ಎಣ್ಣೆಯ ದೇಶ ದಿನಕ್ಕೆ 30 ಲಕ್ಷ ಬ್ಯಾರೆಲ್‌ಗೂ ಜಾಸ್ತಿ ತೆಗೆಯುತ್ತಿದೆ. ಹಾಗಾಗಿ ‘ಹೆವಿ ಆಯಿಲ್, ಅದಕ್ಕೇ ಕಷ್ಟ’ ಅನ್ನುವುದು ಅರ್ಧ ಉತ್ತರ ಅಷ್ಟೇ.

ಮೊದಲು ಅಳತೆಯ ವಿಷಯ. ಕಚ್ಚಾ ಎಣ್ಣೆಯ ತೂಕವನ್ನು ಎಪಿಐ ಡಿಗ್ರಿಯಲ್ಲಿ ಹೇಳುತ್ತಾರೆ. ಇದು ತಿರುಗುಮುರುಗು ಅಳತೆ. ಸಂಖ್ಯೆ ಕಡಿಮೆಯಾದಷ್ಟೂ ಎಣ್ಣೆ ಭಾರ. ನೀರಿಗೆ 10 ಡಿಗ್ರಿ. ಸುಮಾರು 31ಕ್ಕಿಂತ ಮೇಲಿದ್ದರೆ ಹಗುರ ಎಣ್ಣೆ, 22ಕ್ಕಿಂತ ಕೆಳಗಿದ್ದರೆ ಭಾರದ ಎಣ್ಣೆ. 10ಕ್ಕಿಂತಲೂ ಕೆಳಗೆ ಇಳಿದರೆ ಅದು ನೀರಿನಲ್ಲಿ ಮುಳುಗುವ ಎಣ್ಣೆ, ಎಕ್ಸ್‌ಟ್ರಾ ಹೆವಿ. ಒರಿನೋಕೊ, ಅಥಬಾಸ್ಕಾ ಎರಡೂ ಸುಮಾರು 7ರಿಂದ 10 ಡಿಗ್ರಿಯ ಒಳಗೆ ಬರುತ್ತವೆ.

ಆದರೆ ಬಾವಿ ತೋಡುವವರಿಗೆ ತೂಕಕ್ಕಿಂತ ಮುಖ್ಯವಾದದ್ದು ಮಂದತನ. ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದು. ಇದನ್ನು ಸೆಂಟಿಪಾಯ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ನೀರು 1 ಸೆಂಟಿಪಾಯ್ಸ್. ಒರಿನೋಕೊ ಎಣ್ಣೆ ತಾನಿರುವ ಕಲ್ಲುಪದರದಲ್ಲಿ ಸಾಮಾನ್ಯವಾಗಿ ಒಂದು ಸಾವಿರದಿಂದ ಹತ್ತು ಸಾವಿರ. ಅಥಬಾಸ್ಕಾದ್ದು ಹತ್ತು ಲಕ್ಷಕ್ಕೂ ಮೇಲೆ. ಒಂದೇ ತೂಕದ ಎರಡು ಎಣ್ಣೆಗಳ ನಡುವೆ ನೂರಾರು ಪಟ್ಟು ವ್ಯತ್ಯಾಸ!

ಕಾರಣ ಬಿಸಿ. ಚಳಿಗಾಲದ ಬೆಳಿಗ್ಗೆ ಡಬ್ಬಿಯಿಂದ ಜೋನಿ ಬೆಲ್ಲ ಸುರಿದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೆನೆಜುವೆಲಾ ಉಷ್ಣವಲಯದ ದೇಶ. ನೆಲದ ಮೇಲ್ಮೈಯಲ್ಲೇ ವರ್ಷದ ಸರಾಸರಿ 27 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಕೆಳಗಿಳಿದಂತೆ ಭೂಮಿ ಬಿಸಿಯಾಗುತ್ತದೆ. ಒರಿನೋಕೊ ಎಣ್ಣೆ ಹೆಚ್ಚಿನ ಕಡೆ 300ರಿಂದ 1000 ಮೀಟರ್ ಆಳದಲ್ಲಿದೆ. ಅಲ್ಲಿ 50 ಡಿಗ್ರಿ ಸೆಲ್ಸಿಯಸ್ ಸಿಗುತ್ತದೆ. ಅಥಬಾಸ್ಕಾ ಇರುವುದು ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಉತ್ತರದಲ್ಲಿ. ಅಲ್ಲಿ ನೆಲದ ಮೇಲ್ಮೈಯ ಸರಾಸರಿಯೇ ಸೊನ್ನೆಯ ಹತ್ತಿರ. ಎಣ್ಣೆ ಇರುವುದೂ ಅಷ್ಟೇನೂ ಆಳದಲ್ಲಲ್ಲ. ಹೀಗಾಗಿ ಅದು 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮರಳಿಗೆ ಅಂಟಿಕೊಂಡು ಕೂತಿದೆ. ನಾವು ರಸ್ತೆಗೆ ಹಾಕುವ ಡಾಂಬರಿನ ಜಾತಿಯೇ ಅದು. ಅದಕ್ಕೇ ಅದನ್ನು ಬಿಟುಮೆನ್ ಎಂದೇ ಕರೆಯುತ್ತಾರೆ.

ವೆನೆಜುವೆಲಾದಲ್ಲೇ ಮರಕೈಬೋ ಸರೋವರದ ಕಡೆ ಬೊಸ್ಕಾನ್ ಎಂಬ ನಿಕ್ಷೇಪವಿದೆ. ಎಪಿಐ ಸುಮಾರು 10. ಆದರೆ ಅದು ಎರಡು ಕಿಲೋಮೀಟರ್‌ಗಿಂತ ಆಳದಲ್ಲಿದೆ, ಸಾಕಷ್ಟು ಬಿಸಿಯಾಗಿದೆ, ಹಾಗಾಗಿ ಪಂಪಿಗೆ ಬರುತ್ತದೆ. ಎಪಿಐ ಸಂಖ್ಯೆಯೊಂದನ್ನೇ ಹಿಡಿದು ಯಾರಾದರೂ ‘ಈ ಎಣ್ಣೆ ತೆಗೆಯಲಾಗದು’ ಅಂದರೆ ನಂಬಬೇಡಿ. ಎಷ್ಟು ಆಳ, ಎಷ್ಟು ಬಿಸಿ ಎಂದು ಕೇಳಿ.

ಮಂದವಾದ ಎಣ್ಣೆಯೆಲ್ಲ ಭಾರದ ಎಣ್ಣೆಯೂ ಅಲ್ಲ. ರಾಜಸ್ಥಾನದ ಬಾರ್ಮೇರ್‌ನಲ್ಲಿ 2004ರಲ್ಲಿ ಸಿಕ್ಕ ಮಂಗಳಾ ನಿಕ್ಷೇಪವನ್ನೇ ತೆಗೆದುಕೊಳ್ಳಿ. ಆ ಎಣ್ಣೆ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಗಟ್ಟಿಯಾಗಿಬಿಡುತ್ತದೆ. ಅದನ್ನು ಗುಜರಾತಿಗೆ ಸಾಗಿಸಲು ಉದ್ದಕ್ಕೂ ಬಿಸಿ ಮಾಡುವ ಪೈಪ್‌ಲೈನ್ ಹಾಕಬೇಕಾಯಿತು. ಆದರೆ ಅದು ಭಾರದ ಎಣ್ಣೆಯಲ್ಲ. ಅದರಲ್ಲಿರುವುದು ಮೇಣ. ಮೇಣ ಕರಗಿದರೆ ಎಣ್ಣೆ ಸರಾಗ. ಭಾರದ ಎಣ್ಣೆಯ ರೋಗ ಬೇರೆ. ಅದರಲ್ಲಿ ಆಸ್ಫಾಲ್ಟೀನ್ ಎಂಬ ದೊಡ್ಡ ದೊಡ್ಡ ಅಣುಗಳು, ಗಂಧಕ, ವೆನೇಡಿಯಂ, ನಿಕಲ್ ಎಲ್ಲ ತುಂಬಿರುತ್ತವೆ.

ಇವೆಲ್ಲ ಎಲ್ಲಿಂದ ಬಂದವು? ಹೆಚ್ಚಿನ ಭಾರದ ಎಣ್ಣೆ ಹುಟ್ಟುವಾಗ ಭಾರವಾಗಿರಲಿಲ್ಲ. ಆಳದಲ್ಲಿ ಹುಟ್ಟಿದ ಸಾಮಾನ್ಯ ಎಣ್ಣೆ ಕಲ್ಲಿನ ಸಂದುಗಳಲ್ಲಿ ನಿಧಾನವಾಗಿ ಮೇಲೇರುತ್ತಾ, ಪಕ್ಕಕ್ಕೆ ಸರಿಯುತ್ತಾ ನೂರಾರು ಕಿಲೋಮೀಟರ್ ಸಾಗಿ ಬಂದಿದೆ. ಆಲ್ಬರ್ಟಾದಲ್ಲಿ ಅದು ರಾಕಿ ಪರ್ವತದ ಕಡೆಯಿಂದ ಪೂರ್ವಕ್ಕೆ ಬಂತು. ವೆನೆಜುವೆಲಾದಲ್ಲಿ ಉತ್ತರದ ಬೆಟ್ಟಸಾಲಿನ ಬುಡದಿಂದ ದಕ್ಷಿಣಕ್ಕೆ, ಗಯಾನಾದ ಹಳೆಯ ಗಟ್ಟಿಕಲ್ಲಿನ ಅಂಚಿನವರೆಗೆ ಬಂತು. ಕೊನೆಗೆ ನೆಲದ ಹತ್ತಿರದ ತಂಪು ಮರಳುಪದರಗಳಲ್ಲಿ ನಿಂತಿತು. ಅಲ್ಲಿ ಬ್ಯಾಕ್ಟೀರಿಯಾ ಕಾದಿದ್ದವು. ಅವುಗಳಿಗೆ ಹಗುರವಾದ, ಸುಲಭವಾಗಿ ಜೀರ್ಣವಾಗುವ ಅಣುಗಳು ಇಷ್ಟ. ಲಕ್ಷಾಂತರ ವರ್ಷ ಅವನ್ನೇ ತಿಂದವು. ತಿನ್ನಲಾಗದ್ದು ಹಿಂದೆ ಉಳಿಯಿತು. ಗಂಧಕ, ಲೋಹಗಳು ಎಲ್ಲೂ ಹೋಗಲಿಲ್ಲ, ಉಳಿದ ಎಣ್ಣೆಯಲ್ಲೇ ಸಾಂದ್ರವಾದವು. ಪದರದ ಬಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದ ಕಡೆ ಈ ಬ್ಯಾಕ್ಟೀರಿಯಾ ಬದುಕುವುದಿಲ್ಲ. ಅದಕ್ಕೇ ಆಳದ ಎಣ್ಣೆ ಸಾಮಾನ್ಯವಾಗಿ ಹಗುರ, ಮೇಲಿನ ಎಣ್ಣೆ ಭಾರ. ಇಂದು ಕೆನಡಾದವರು ತೆಗೆಯುತ್ತಿರುವುದು, ಒಂದರ್ಥದಲ್ಲಿ, ಬ್ಯಾಕ್ಟೀರಿಯಾ ಬಿಟ್ಟುಹೋದ ಎಂಜಲು.

ಈಗ ತೆಗೆಯುವ ಮಾತು. ಅಥಬಾಸ್ಕಾ ನದಿ ತನ್ನ ದಂಡೆಯನ್ನು ಕೊರೆದ ಕಡೆಗಳಲ್ಲಿ ಈ ಕಪ್ಪು ಮರಳು ಕಣ್ಣಿಗೇ ಕಾಣುತ್ತದೆ. ಅಲ್ಲಿನ ಮೂಲನಿವಾಸಿಗಳು ಆ ಡಾಂಬರಿನಿಂದ ದೋಣಿಗಳ ಬಿರುಕು ಮುಚ್ಚುತ್ತಿದ್ದರು. ಎಣ್ಣೆ ಇದೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಮರಳಿನಿಂದ ಬಿಡಿಸುವುದು ಹೇಗೆ ಎಂಬುದು ಗೊತ್ತಿರಲಿಲ್ಲ. 1920ರ ದಶಕದಲ್ಲಿ ಕಾರ್ಲ್ ಕ್ಲಾರ್ಕ್ ಎಂಬ ವಿಜ್ಞಾನಿ ದಾರಿ ಹುಡುಕಿದರು. ಮರಳಿಗೆ ಬಿಸಿನೀರು, ಸ್ವಲ್ಪ ಕಾಸ್ಟಿಕ್ ಸೋಡಾ ಹಾಕಿ ಕಲಕಿದರೆ ಬಿಟುಮೆನ್ ಕಳಚಿಕೊಳ್ಳುತ್ತದೆ. ಗಾಳಿಗುಳ್ಳೆಗಳಿಗೆ ಅಂಟಿಕೊಂಡು ನೊರೆಯಾಗಿ ಮೇಲೆ ತೇಲುತ್ತದೆ. ಮರಳು ತಳಕ್ಕೆ ಇಳಿಯುತ್ತದೆ. ಇದು ಸಾಧ್ಯವಾಗಿರುವುದಕ್ಕೂ ಒಂದು ಕಾರಣವಿದೆ. ಅಲ್ಲಿನ ಮರಳಿನ ಕಣದ ಸುತ್ತ ನೀರಿನ ತೆಳು ಪದರವಿದೆ ಎನ್ನುತ್ತಾರೆ, ಎಣ್ಣೆ ಅದರ ಹೊರಗಿದೆ. ಎಣ್ಣೆ ನೇರ ಕಣಕ್ಕೇ ಅಂಟಿದ್ದರೆ ಬಿಸಿನೀರು ಸಾಲುತ್ತಿರಲಿಲ್ಲ.

ದೊಡ್ಡ ಮಟ್ಟದಲ್ಲಿ ಇದು ಶುರುವಾದದ್ದು 1967ರಲ್ಲಿ, ಗ್ರೇಟ್ ಕೆನಡಿಯನ್ ಆಯಿಲ್ ಸ್ಯಾಂಡ್ಸ್ ಎಂಬ ಕಂಪನಿಯಿಂದ. ಇಂದು ಅದೇ ಸನ್ಕೋರ್. 1978ರಲ್ಲಿ ಸಿನ್‌ಕ್ರೂಡ್ ಬಂತು. ಇದು ಬಾವಿಯ ಕೆಲಸವೇ ಅಲ್ಲ, ಗಣಿಗಾರಿಕೆ. ಕಾಡು ಕಡಿದು, ಮೇಲ್ಮಣ್ಣು ತೆಗೆದು, ದೈತ್ಯ ಶೊವೆಲ್‌ಗಳಿಂದ ಮರಳು ಅಗೆದು, 400 ಟನ್ ಹೊರುವ ಟ್ರಕ್‌ಗಳಲ್ಲಿ ಸಾಗಿಸುತ್ತಾರೆ. ಒಂದು ಬ್ಯಾರೆಲ್ ಎಣ್ಣೆಗೆ ಸುಮಾರು ಎರಡು ಟನ್ ಮರಳು ಬೇಕು. ಅಗೆದ ಮರಳಿನಿಂದ ಸುಮಾರು ಶೇ 90ರಷ್ಟು ಎಣ್ಣೆ ಸಿಗುತ್ತದೆ. ಬೇರೆ ಯಾವ ವಿಧಾನಕ್ಕೂ ಇಷ್ಟು ಇಳುವರಿ ಇಲ್ಲ. ಅದಕ್ಕೆ ಬೆಲೆ ತೆರುವುದು ಬೇರೆ ಕಡೆ. ತೊಳೆದ ನೀರು, ನುಣುಪು ಜೇಡಿ, ಉಳಿದ ಎಣ್ಣೆಯ ಅಂಶ ಎಲ್ಲ ದೊಡ್ಡ ಕೆರೆಗಳಲ್ಲಿ ನಿಂತಿವೆ. ಆ ಜೇಡಿ ದಶಕಗಳಾದರೂ ತಳಕ್ಕೆ ಕೂರುವುದಿಲ್ಲ. ಈ ಕೆರೆಗಳನ್ನು ಏನು ಮಾಡಬೇಕು ಎಂಬುದಕ್ಕೆ ಇನ್ನೂ ಸರಿಯಾದ ಉತ್ತರ ಸಿಕ್ಕಿಲ್ಲ. ನನ್ನ ಮಟ್ಟಿಗೆ ಅಥಬಾಸ್ಕಾದ ಅತಿ ದೊಡ್ಡ ತಲೆನೋವು ಇದೇ.

ಟಿವಿಯಲ್ಲಿ, ಫೋಟೋಗಳಲ್ಲಿ ಕಾಣುವುದು ಯಾವಾಗಲೂ ಈ ಗಣಿಗಳೇ. ಆದರೆ ಅಗೆದು ತೆಗೆಯಬಹುದಾದದ್ದು ಆಲ್ಬರ್ಟಾದ ಒಟ್ಟು ನಿಕ್ಷೇಪದ ಐದನೇ ಒಂದು ಭಾಗ ಮಾತ್ರ. ಸುಮಾರು 75 ಮೀಟರ್‌ಗಿಂತ ಆಳಕ್ಕೆ ಹೋದರೆ ಮೇಲಿನ ಮಣ್ಣು ತೆಗೆಯುವ ಖರ್ಚೇ ಗಿಟ್ಟುವುದಿಲ್ಲ. ಉಳಿದ ನಾಲ್ಕು ಭಾಗವನ್ನು ನೆಲದಡಿಯಲ್ಲೇ ಕರಗಿಸಿ ತೆಗೆಯಬೇಕು.

ಇದಕ್ಕೆ ಬಂದ ಸಲಹೆಗಳು ಒಂದೆರಡಲ್ಲ. 1950ರ ದಶಕದ ಕೊನೆಯಲ್ಲಿ, ಮರಳಿನ ಕೆಳಗೆ ಅಣುಬಾಂಬ್ ಸಿಡಿಸಿ ಆ ಬಿಸಿಯಿಂದ ಎಣ್ಣೆ ಕರಗಿಸೋಣ ಎಂಬ ಯೋಜನೆ ಗಂಭೀರವಾಗಿ ಚರ್ಚೆಯಾಗಿತ್ತು. ಸರ್ಕಾರದ ಮೇಜಿನವರೆಗೂ ಹೋಗಿತ್ತು. ಪುಣ್ಯಕ್ಕೆ ಅಲ್ಲೇ ನಿಂತಿತು.

ಗೆದ್ದದ್ದು ಹಬೆ. ಬಿಸಿನೀರು ಯಾಕೆ ಸಾಲದು ಅಂದರೆ, ಒಂದು ಕಿಲೋ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 335 ಕಿಲೋಜೌಲ್ ಬೇಕು. ಅದೇ ನೀರನ್ನು ಹಬೆ ಮಾಡಲು ಇನ್ನೂ 2,257 ಕಿಲೋಜೌಲ್ ಬೇಕು. ಹಬೆ ಮರಳಿಗೆ ತಾಗಿ ನೀರಾಗುವಾಗ ಈ ಬಿಸಿಯನ್ನೆಲ್ಲ ಅಲ್ಲೇ ಬಿಟ್ಟುಕೊಡುತ್ತದೆ. ಇನ್ನೂರು ಡಿಗ್ರಿ ದಾಟಿದರೆ, ಹತ್ತು ಲಕ್ಷ ಸೆಂಟಿಪಾಯ್ಸ್ ಇದ್ದ ಬಿಟುಮೆನ್ ಹತ್ತರ ಆಸುಪಾಸಿಗೆ ಇಳಿಯುತ್ತದೆ.

ಹಬೆಯ ಒಂದು ವಿಧಾನ ಸಿಕ್ಕಿದ್ದು ಅಕಸ್ಮಾತ್ತಾಗಿ, ಅದೂ ವೆನೆಜುವೆಲಾದಲ್ಲಿ. 1959ರಲ್ಲಿ ಮೆನೆ ಗ್ರಾಂದೆ ಎಂಬಲ್ಲಿ ಶೆಲ್ ಕಂಪನಿ ಒಂದು ಕಡೆ ಹಬೆ ತುಂಬಿ ಇನ್ನೊಂದು ಕಡೆ ಎಣ್ಣೆ ತಳ್ಳುವ ಪ್ರಯೋಗ ಮಾಡುತ್ತಿತ್ತು. ಹಬೆ ನೆಲ ಸೀಳಿಕೊಂಡು ಮೇಲೆ ಬಂತು. ಒತ್ತಡ ಇಳಿಸಲು ಹಬೆ ತುಂಬುತ್ತಿದ್ದ ಬಾವಿಗಳನ್ನೇ ತೆರೆದರು. ಅವುಗಳಿಂದ ಎಣ್ಣೆ ಸುರಿಯತೊಡಗಿತು! ಹಾಗಾದರೆ ಎರಡು ಬಾವಿ ಬೇಕೇ ಇಲ್ಲ. ಒಂದೇ ಬಾವಿಗೆ ಕೆಲವು ವಾರ ಹಬೆ ತುಂಬು, ಸ್ವಲ್ಪ ದಿನ ಮುಚ್ಚಿಡು, ಆಮೇಲೆ ಅದರಿಂದಲೇ ತಿಂಗಳುಗಟ್ಟಲೆ ಎಣ್ಣೆ ತೆಗೆ. ಬತ್ತಿದಾಗ ಮತ್ತೆ ಹಬೆ ತುಂಬು. ‘ಹಫ್ ಅಂಡ್ ಪಫ್’ ಎಂದು ಕರೆಯುವ ಈ ವಿಧಾನ ಕ್ಯಾಲಿಫೋರ್ನಿಯಾಕ್ಕೆ ಹೋಯಿತು, ಆಲ್ಬರ್ಟಾದ ಕೋಲ್ಡ್ ಲೇಕ್‌ನಲ್ಲಿ 1980ರ ದಶಕದಿಂದ ದೊಡ್ಡದಾಗಿ ನಡೆಯುತ್ತಿದೆ.

ಅಥಬಾಸ್ಕಾದ ಬಿಟುಮೆನ್ ಇನ್ನೂ ಹಟಮಾರಿ. ಅದಕ್ಕೆ ಹೊಂದಿದ್ದು ರೋಜರ್ ಬಟ್ಲರ್ ಎಂಬ ಎಂಜಿನಿಯರ್ ಯೋಚಿಸಿದ ಸ್ಯಾಗ್‌ಡಿ ವಿಧಾನ. ಅಡ್ಡಡ್ಡ ಸಾಗುವ ಎರಡು ಬಾವಿ, ಒಂದರ ಮೇಲೊಂದು, ನಡುವೆ ಐದು ಮೀಟರ್ ಅಂತರ. ಉದ್ದ ಮುಕ್ಕಾಲು ಕಿಲೋಮೀಟರ್, ಒಂದು ಕಿಲೋಮೀಟರ್. ಮೇಲಿನದಕ್ಕೆ ಹಬೆ ಬಿಡುತ್ತಾರೆ. ಹಬೆ ಮೇಲೇರಿ ಮರಳಿನೊಳಗೆ ಒಂದು ಕೋಣೆಯಂತೆ ಹರಡುತ್ತದೆ. ಕರಗಿದ ಎಣ್ಣೆ, ತಣಿದ ನೀರು ಕೋಣೆಯ ಇಳಿಜಾರು ಗೋಡೆಗುಂಟ ಜಾರಿ ಕೆಳಗಿನ ಬಾವಿಗೆ ಬೀಳುತ್ತವೆ. ಎಳೆಯುವ ಕೆಲಸ ಗುರುತ್ವದ್ದು. ಪಂಪು ಮೇಲಕ್ಕೆತ್ತುವುದಕ್ಕೆ ಮಾತ್ರ.

ಬಟ್ಲರ್ ಹೇಳಿದಾಗ ಅಷ್ಟು ಕರಾರುವಾಕ್ಕಾಗಿ ಅಡ್ಡ ಬಾವಿ ಕೊರೆಯುವ ತಂತ್ರ ಪಳಗಿರಲಿಲ್ಲ. ಹಾಗಾಗಿ 1980ರ ದಶಕದಲ್ಲಿ ಆಲ್ಬರ್ಟಾ ಸರ್ಕಾರದ ಸಂಸ್ಥೆ ಬೇರೆಯೇ ದಾರಿ ಹಿಡಿಯಿತು. ಎಣ್ಣೆ ಮರಳಿನ ಕೆಳಗಿರುವ ಸುಣ್ಣಕಲ್ಲಿಗೆ ಗಣಿಯ ಹಾಗೆ ಶಾಫ್ಟ್ ಇಳಿಸಿದರು, ಅಲ್ಲಿ ಸುರಂಗ ತೋಡಿದರು, ಸುರಂಗದೊಳಗಿಂದ ಮೇಲ್ಮುಖವಾಗಿ ಬಾವಿ ಕೊರೆದರು. ಲೆಕ್ಕ ಕಾಗದದ ಮೇಲೆ ಹೇಳಿದಂತೆಯೇ ಬಂತು. ಖಾಸಗಿ ಕಂಪನಿಗಳು ಕೈಹಾಕಲು ಹಿಂಜರಿದ ಕಾಲದಲ್ಲಿ ಸರ್ಕಾರದ ದುಡ್ಡು ಈ ಅಪಾಯ ಹೊತ್ತಿತು. ಕೆನಡಾದ ಗೆಲುವಿನ ಕಥೆ ಹೇಳುವವರು ಇದನ್ನು ಮರೆತುಬಿಡುತ್ತಾರೆ. ಮೊದಲ ವಾಣಿಜ್ಯ ಸ್ಯಾಗ್‌ಡಿ ಯೋಜನೆ ಶುರುವಾಗಿದ್ದು 2001ರಲ್ಲಿ. ಅಂದರೆ ಯೋಚನೆಯಿಂದ ವ್ಯಾಪಾರಕ್ಕೆ ಎರಡು ದಶಕಕ್ಕೂ ಜಾಸ್ತಿ.

ಹಬೆ ಪುಕ್ಕಟೆ ಬರುವುದಿಲ್ಲ. ಒಂದು ಬ್ಯಾರೆಲ್ ಬಿಟುಮೆನ್‌ಗೆ ಎರಡರಿಂದ ನಾಲ್ಕು ಬ್ಯಾರೆಲ್ ನೀರನ್ನು ಹಬೆ ಮಾಡಬೇಕು. ಇದಕ್ಕೆ ಉರಿಸುವುದು ನೈಸರ್ಗಿಕ ಅನಿಲ, ಒಂದು ಬ್ಯಾರೆಲ್‌ಗೆ ಸುಮಾರು ಒಂದು ಗಿಗಾಜೌಲ್‌ನಷ್ಟು. ಆ ಬ್ಯಾರೆಲ್‌ನಲ್ಲಿ ಇರುವುದೇ ಆರು ಗಿಗಾಜೌಲ್ ಆಸುಪಾಸು. ಒಂದನ್ನು ಸುಟ್ಟು ಆರನ್ನು ತೆಗೆಯುವ ವ್ಯವಹಾರ. ಅನಿಲ ಅಗ್ಗವಾಗಿರುವ ಆಲ್ಬರ್ಟಾದಲ್ಲಿ ಇದು ನಡೆಯುತ್ತದೆ. ಬಿಸಿಲು ಧಾರಾಳವಾಗಿರುವ ಒಮಾನ್‌ನ ಅಮಲ್ ನಿಕ್ಷೇಪದಲ್ಲಿ ಗಾಜಿನ ಮನೆಯೊಳಗೆ ಕನ್ನಡಿಗಳನ್ನಿಟ್ಟು ಸೂರ್ಯನ ಬಿಸಿಲಿನಿಂದಲೇ ಹಬೆ ಮಾಡುವ ಘಟಕ ಕಟ್ಟಿದ್ದಾರೆ. ಗಾಜಿನ ಮನೆ ಯಾಕಂದರೆ ಮರುಭೂಮಿಯ ಧೂಳು.

ಹಬೆಗೆ ಮಿತಿಗಳೂ ಇವೆ. ಎಣ್ಣೆ ಪದರದ ಮೇಲೆ ಹಬೆಯನ್ನು ತಡೆಯುವ ಗಟ್ಟಿ ಜೇಡಿಪದರ ಇರಬೇಕು. ಇಲ್ಲದಿದ್ದರೆ 2006ರಲ್ಲಿ ಆಲ್ಬರ್ಟಾದ ಜೋಸ್ಲಿನ್‌ನಲ್ಲಿ ಆದಂತೆ ಹಬೆ ನೆಲ ಒಡೆದು ಹೊರಗೆ ಬರುತ್ತದೆ. ತೀರಾ ಆಳವಾದರೆ ದಾರಿಯಲ್ಲೇ ಬಿಸಿ ಸೋರಿಹೋಗುತ್ತದೆ. ಪದರ ತೆಳುವಾಗಿದ್ದರೆ ಎಣ್ಣೆಗಿಂತ ಸುತ್ತಲಿನ ಕಲ್ಲನ್ನೇ ಕಾಯಿಸಿದಂತಾಗುತ್ತದೆ. ಅಲಾಸ್ಕಾದ ಉತ್ತರ ಅಂಚಿನಲ್ಲಿ ಇನ್ನೊಂದು ಕಷ್ಟ: ಬಾವಿ ಹಾದುಹೋಗುವುದೇ ಹೆಪ್ಪುಗಟ್ಟಿದ ನೆಲದ ಮೂಲಕ, ಹಬೆ ಬಿಟ್ಟರೆ ಅದು ಕರಗಿ ಕುಸಿಯುತ್ತದೆ.

ಆಲ್ಬರ್ಟಾ–ಸಸ್ಕಾಚುವಾನ್ ಗಡಿಯ ಲಾಯ್ಡ್‌ಮಿನ್ಸ್ಟರ್ ಕಡೆ ಎಣ್ಣೆ ಪದರಗಳು ಹೀಗೇ ತೆಳು. ಆದರೆ ಎಣ್ಣೆ ಅಷ್ಟು ಹಟಮಾರಿಯಲ್ಲ. ಅಲ್ಲಿನವರು ಮೊದಮೊದಲು ಬಾವಿಗೆ ಮರಳು ಬರದಂತೆ ಜರಡಿ ಹಾಕುತ್ತಿದ್ದರು. ಎಣ್ಣೆಯೂ ಬರುತ್ತಿರಲಿಲ್ಲ. ಜರಡಿ ತೆಗೆದು ಮರಳು ಸಮೇತ ಬರಲಿ ಎಂದು ಬಿಟ್ಟಾಗ ಎಣ್ಣೆ ಹಲವು ಪಟ್ಟು ಹೆಚ್ಚಾಯಿತು. ಮರಳು ಹೊರಬಂದ ಕಡೆ ನೆಲದಡಿ ಹುಳು ಕೊರೆದ ಹಾಗೆ ಬಿಲಗಳಾಗುತ್ತವೆ, ಎಣ್ಣೆಗೆ ದಾರಿಯಾಗುತ್ತದೆ. ಎಣ್ಣೆ ಬಾವಿಗಳಲ್ಲಿ ಮರಳು ಅಂದರೆ ಶತ್ರು ಎಂದೇ ಎಲ್ಲರೂ ಕಲಿಯುವುದು. ಇಲ್ಲಿ ಅದನ್ನು ಬಾ ಎಂದು ಕರೆಯುತ್ತಾರೆ. ಮರಳು ತುಂಬಿದ ಎಣ್ಣೆಯನ್ನು ಎತ್ತಲು ಸ್ಕ್ರೂನಂತೆ ತಿರುಗುವ ಪಂಪು ಬೇಕು, ಸಾಮಾನ್ಯ ಪಂಪು ಕೆಟ್ಟುಹೋಗುತ್ತದೆ. ಖರ್ಚು ಕಡಿಮೆ, ನಿಜ. ಆದರೆ ಶೇ 90ಕ್ಕೂ ಹೆಚ್ಚು ಎಣ್ಣೆ ನೆಲದಲ್ಲೇ ಉಳಿಯುತ್ತದೆ.

ಈಗ ವೆನೆಜುವೆಲಾ. ಒರಿನೋಕೊ ಪಟ್ಟಿ ಸುಮಾರು 55,000 ಚದರ ಕಿಲೋಮೀಟರ್, ಹಿಮಾಚಲ ಪ್ರದೇಶದಷ್ಟು. ಮರಳುಪದರ ಒಳ್ಳೆಯದು, ಸಂದುಗಳು ದೊಡ್ಡವು. ಎಣ್ಣೆ ಬೆಚ್ಚಗಿದೆ. ಅದರಲ್ಲಿ ಕರಗಿದ ಅನಿಲವೂ ಇದೆ. ಒತ್ತಡ ಇಳಿದಾಗ ಈ ಅನಿಲ ಸಾಮಾನ್ಯ ಎಣ್ಣೆಯಲ್ಲಾದರೆ ಥಟ್ಟನೆ ಬೇರೆಯಾಗಿ ಓಡಿಹೋಗುತ್ತದೆ. ಇಲ್ಲಿ ಎಣ್ಣೆ ಮಂದವಾಗಿರುವುದರಿಂದ ಗುಳ್ಳೆಗಳು ಒಳಗೇ ಸಿಕ್ಕಿಕೊಳ್ಳುತ್ತವೆ, ನೊರೆಯೆಣ್ಣೆಯಾಗಿ ಬಾವಿಯ ಕಡೆ ತಳ್ಳುತ್ತವೆ. ಹಬೆ ಬೇಡ, ಗಣಿ ಬೇಡ. ಉದ್ದನೆಯ ಅಡ್ಡ ಬಾವಿ ಕೊರೆದು ಪಂಪು ಇಳಿಸಿದರೆ ದಿನಕ್ಕೆ ನೂರಾರು, ಒಳ್ಳೆಯ ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಬ್ಯಾರೆಲ್ ಬರುತ್ತದೆ. ಭೂವಿಜ್ಞಾನದ ಲೆಕ್ಕದಲ್ಲಿ ಕೆನಡಾದವರು ಹೊಟ್ಟೆಕಿಚ್ಚು ಪಡಬೇಕಾದ ನಿಕ್ಷೇಪ ಇದು. ಆದರೆ ಈ ತಣ್ಣನೆಯ ವಿಧಾನದಲ್ಲಿ ಕೈಗೆ ಸಿಗುವುದು ನೂರಕ್ಕೆ ಹತ್ತರ ಆಸುಪಾಸು. ಮಿಕ್ಕದ್ದಕ್ಕೆ ಅಲ್ಲೂ ಹಬೆಯೋ ಬೇರೇನೋ ಬೇಕೇ ಬೇಕು.

ಕಷ್ಟ ಶುರುವಾಗುವುದು ಎಣ್ಣೆ ಮೇಲೆ ಬಂದಮೇಲೆ. 50 ಡಿಗ್ರಿಯ ನೆಲದಿಂದ ಹೊರಬಂದು ತಣಿದರೆ ಪೈಪಿನಲ್ಲಿ ಹರಿಯುವುದಿಲ್ಲ. ಅದಕ್ಕೆ ನಾಫ್ತಾದಂಥ ತೆಳು ದ್ರವ ಬೆರೆಸಬೇಕು. ಕೆನಡಾದವರೂ ಇದನ್ನೇ ಮಾಡುತ್ತಾರೆ, ಸುಮಾರು ಶೇ 30ರಷ್ಟು ಕಂಡೆನ್ಸೇಟ್ ಎಂಬ ತೀರಾ ಹಗುರ ಎಣ್ಣೆ ಸೇರಿಸುತ್ತಾರೆ. ಇಲ್ಲವೇ ಅಪ್‌ಗ್ರೇಡರ್ ಎಂಬ ಕಾರ್ಖಾನೆಯಲ್ಲಿ ದೊಡ್ಡ ಅಣುಗಳನ್ನು ಒಡೆದು ಹಗುರ ಎಣ್ಣೆ ಮಾಡಬೇಕು. 1990ರ ದಶಕದ ಕೊನೆಯಿಂದ ವಿದೇಶಿ ಕಂಪನಿಗಳ ಜೊತೆ ಸೇರಿ ಹೊಸೆ ಎಂಬ ಕರಾವಳಿ ಊರಿನಲ್ಲಿ ಇಂಥ ನಾಲ್ಕು ಅಪ್‌ಗ್ರೇಡರ್ ಕಟ್ಟಿದರು. ಒಟ್ಟು ಸಾಮರ್ಥ್ಯ ದಿನಕ್ಕೆ ಸುಮಾರು 6 ಲಕ್ಷ ಬ್ಯಾರೆಲ್. ಇನ್ನೊಂದು ಜಾಣತನದ ದಾರಿಯೂ ಇತ್ತು. ಸುಮಾರು ಶೇ 70 ಬಿಟುಮೆನ್, ಶೇ 30 ನೀರು ಬೆರೆಸಿ ‘ಒರಿಮಲ್ಷನ್’ ಎಂಬ ಇಂಧನ ಮಾಡಿ ವಿದ್ಯುತ್ ಸ್ಥಾವರಗಳಿಗೆ ಮಾರುತ್ತಿದ್ದರು. ಎಣ್ಣೆ ಬೆಲೆ ಏರಿದ ಮೇಲೆ ಇಷ್ಟು ಅಗ್ಗಕ್ಕೆ ಯಾಕೆ ಮಾರಬೇಕು ಎಂದು ಅದನ್ನು ಕೈಬಿಟ್ಟರು.

ಆಮೇಲಿನದ್ದು ರಾಜಕೀಯದ ಕಥೆ. 2002–03ರ ಮುಷ್ಕರದ ನಂತರ ಸರ್ಕಾರಿ ಎಣ್ಣೆ ಕಂಪನಿಯಿಂದ ಸುಮಾರು 18,000 ಜನರನ್ನು ತೆಗೆದುಹಾಕಿದರು. ಭಾರದ ಎಣ್ಣೆಯಂಥ ನಾಜೂಕು ಕೆಲಸಕ್ಕೆ ಬೇಕಾದ ಅನುಭವಿಗಳು ದೇಶ ಬಿಟ್ಟರು, ಎಷ್ಟೋ ಮಂದಿ ಆಲ್ಬರ್ಟಾಕ್ಕೇ ಹೋದರು. 2007ರಲ್ಲಿ ಒರಿನೋಕೊ ಯೋಜನೆಗಳ ಹಿಡಿತವನ್ನು ಸರ್ಕಾರ ತೆಗೆದುಕೊಂಡಾಗ ಎಕ್ಸಾನ್‌ಮೊಬಿಲ್, ಕೊನೊಕೊಫಿಲಿಪ್ಸ್ ಹೊರನಡೆದವು. ಅಪ್‌ಗ್ರೇಡರ್‌ಗಳ ನಿರ್ವಹಣೆ ಹದಗೆಟ್ಟಿತು. 2019ರ ಅಮೆರಿಕದ ನಿರ್ಬಂಧಗಳಿಂದ ಬೆರೆಸಲು ನಾಫ್ತಾ ಬರುವುದೂ ನಿಂತಿತು. ನೆಲದಲ್ಲಿ ಸಮುದ್ರದಷ್ಟು ಎಣ್ಣೆ, ಬೆರೆಸಲು ತೆಳು ದ್ರವ ಇಲ್ಲ! ಕೊನೆಗೆ ಇರಾನಿನಿಂದ ಕಂಡೆನ್ಸೇಟ್ ತರಿಸಿಕೊಳ್ಳಬೇಕಾಯಿತು. 1990ರ ದಶಕದ ಕೊನೆಯಲ್ಲಿ ದಿನಕ್ಕೆ 30 ಲಕ್ಷ ಬ್ಯಾರೆಲ್ ದಾಟಿದ್ದ ದೇಶದ ಉತ್ಪಾದನೆ 2020ರಲ್ಲಿ 5 ಲಕ್ಷದ ಆಸುಪಾಸಿಗೆ ಬಿತ್ತು. ಎಣ್ಣೆ ಇನ್ನಷ್ಟು ಭಾರವಾಗಿದ್ದರಿಂದ ಹೀಗಾಗಲಿಲ್ಲ, ಅಲ್ವಾ?

‘ಜಗತ್ತಿನಲ್ಲೇ ಅತಿ ಹೆಚ್ಚು’ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. 2005ರಲ್ಲಿ ವೆನೆಜುವೆಲಾದ ಅಧಿಕೃತ ಸಂಗ್ರಹ ಸುಮಾರು 8,000 ಕೋಟಿ ಬ್ಯಾರೆಲ್. ಐದಾರು ವರ್ಷದಲ್ಲಿ ಅದು 30,000 ಕೋಟಿಯ ಹತ್ತಿರ ಹೋಯಿತು, ಸೌದಿಯನ್ನು ದಾಟಿತು. ಹೊಸ ನಿಕ್ಷೇಪವೇನೂ ಸಿಕ್ಕಿರಲಿಲ್ಲ. ಒರಿನೋಕೊ ಎಣ್ಣೆಯಲ್ಲಿ ಇಷ್ಟನ್ನು ಲಾಭಕ್ಕೆ ತೆಗೆಯಬಹುದು ಎಂದು ಲೆಕ್ಕಕ್ಕೆ ಸೇರಿಸಿಕೊಂಡರು. ಸುಳ್ಳು ಅನ್ನಲಾರೆ. ಅಮೆರಿಕದ ಭೂವಿಜ್ಞಾನ ಇಲಾಖೆ 2009ರಲ್ಲಿ ತಂತ್ರಜ್ಞಾನದಿಂದ ತೆಗೆಯಬಹುದಾದದ್ದು ಸುಮಾರು 51,300 ಕೋಟಿ ಬ್ಯಾರೆಲ್ ಎಂದು ಅಂದಾಜಿಸಿತ್ತು. ಆದರೆ ಆ ಅಂದಾಜಿನಲ್ಲಿ ಖರ್ಚಿನ ಮಾತೇ ಇಲ್ಲ. ಸೌದಿಯ ಒಂದು ಬ್ಯಾರೆಲ್, ಒರಿನೋಕೊದ ಒಂದು ಬ್ಯಾರೆಲ್ ಕಾಗದದ ಮೇಲೆ ಸಮ. ತೆಗೆಯುವ ಖರ್ಚಿನಲ್ಲೂ ಮಾರುವ ಬೆಲೆಯಲ್ಲೂ ಸಮವಲ್ಲ.

ನಮ್ಮ ದೇಶದಲ್ಲೂ ಇದೆ. ಗುಜರಾತಿನ ಮೆಹಸಾಣಾ ಜಿಲ್ಲೆಯ ಬಲೋಲ್, ಸಾಂಥಲ್, ಲಾನ್ವಾ, ಬೇಚರಾಜಿ ಕಡೆ ಭಾರದ ಎಣ್ಣೆಯ ಪಟ್ಟಿಯೇ ಇದೆ. ಎಪಿಐ 15ರಿಂದ 18ರ ಆಸುಪಾಸು, ಆಳ ಸುಮಾರು ಒಂದು ಕಿಲೋಮೀಟರ್, ಪದರದ ಬಿಸಿ 70 ಡಿಗ್ರಿ ಸೆಲ್ಸಿಯಸ್. ಕೆನಡಾದ ಲೆಕ್ಕದಲ್ಲಿ ಇದು ತೀರಾ ಸಾಧು ಎಣ್ಣೆ, ಕೆಲವು ನೂರು ಸೆಂಟಿಪಾಯ್ಸ್ ಅಷ್ಟೇ. ಪಂಪು ಹಾಕಿದರೆ ಬರುತ್ತಿತ್ತು ಕೂಡ. ತೊಂದರೆ ಕೊಟ್ಟಿದ್ದು ಪಕ್ಕದ ನೀರು. ಎಣ್ಣೆ ತೆಗೆದಷ್ಟೂ ಅಂಚಿನಿಂದ ನೀರು ನುಗ್ಗುತ್ತದೆ. ನೀರು ಎಣ್ಣೆಗಿಂತ ನೂರಾರು ಪಟ್ಟು ತೆಳು, ಹಾಗಾಗಿ ಎಣ್ಣೆಯನ್ನು ತಳ್ಳುವ ಬದಲು ಅದರ ನಡುವೆ ನುಸುಳಿ ಬಾವಿ ಸೇರಿಬಿಡುತ್ತದೆ. ಒಎನ್‌ಜಿಸಿಯವರು ಹಬೆಯ ಬದಲು ಬೆಂಕಿ ಆರಿಸಿಕೊಂಡರು. ಒಂದು ಬಾವಿಯಿಂದ ಒತ್ತಡದಲ್ಲಿ ಗಾಳಿ ತುಂಬಿ, ಪದರದೊಳಗೇ ಎಣ್ಣೆಗೆ ಕಿಚ್ಚು ಹಚ್ಚುವುದು. ಎಣ್ಣೆಯ ಅತಿ ಭಾರದ ಭಾಗ ಇದ್ದಿಲಿನಂತಾಗಿ ಉರಿಯುತ್ತದೆ. ಆ ಬಿಸಿ, ಹೊಗೆ, ಹಬೆ ಎಲ್ಲ ಸೇರಿ ಮುಂದಿನ ಎಣ್ಣೆಯನ್ನು ತೆಳುವಾಗಿಸಿ ಪಕ್ಕದ ಬಾವಿಗಳ ಕಡೆ ತಳ್ಳುತ್ತವೆ. ಹಬೆಗೆ ಅನಿಲ ಉರಿಸಬೇಕು, ಬೆಂಕಿಗೆ ಇಂಧನ ಎಣ್ಣೆಯಲ್ಲೇ ಇದೆ. ಆಳ ಜಾಸ್ತಿಯಾದರೂ ಬಿಸಿ ದಾರಿಯಲ್ಲಿ ಸೋರುವ ಚಿಂತೆಯಿಲ್ಲ.

ಬಲೋಲ್‌ನಲ್ಲಿ 1990ರಲ್ಲಿ ಪ್ರಯೋಗ, 1997ರಿಂದ ದೊಡ್ಡ ಮಟ್ಟದ ಕೆಲಸ. ಜಗತ್ತಿನಲ್ಲಿ ನೆಲದಡಿ ಬೆಂಕಿ ಹಚ್ಚಿ ಇಷ್ಟು ವರ್ಷ ನಡೆಸಿದ ನಿಕ್ಷೇಪಗಳು ಬೆರಳೆಣಿಕೆಯಷ್ಟು. ರೊಮೇನಿಯಾದ ಸುಪ್ಲಾಕು ದೆ ಬರ್ಕೌ ಒಂದು, ನಮ್ಮ ಮೆಹಸಾಣಾ ಇನ್ನೊಂದು. ಈ ವಿಧಾನ ಅನೇಕ ಕಡೆ ಕೈಕೊಟ್ಟಿದೆ. ಬೆಂಕಿ ಎತ್ತ ಹೋಗುತ್ತಿದೆ ಎಂದು ಮೇಲೆ ಕೂತವರಿಗೆ ಕಾಣುವುದಿಲ್ಲ, ಬರುವ ಅನಿಲವನ್ನು ಪರೀಕ್ಷಿಸಿ ಊಹಿಸಬೇಕು. ಉರಿಯದೆ ಉಳಿದ ಆಮ್ಲಜನಕ ಎಣ್ಣೆ ಬಾವಿಗೆ ಬಂದರೆ ಸ್ಫೋಟದ ಭಯ. ಪೈಪುಗಳು ಬೇಗ ತುಕ್ಕು ಹಿಡಿಯುತ್ತವೆ. ಇಷ್ಟೆಲ್ಲ ಇದ್ದೂ ಅಲ್ಲಿ ಗೆದ್ದಿದ್ದಾರೆ. ಎಣ್ಣೆ ತಂತ್ರಜ್ಞಾನ ಅಂದರೆ ಸುಮ್ನೆ ಅಮೆರಿಕದ ಕಡೆ ನೋಡುವವರು ಮೆಹಸಾಣಾವನ್ನು ಒಮ್ಮೆ ನೋಡಬೇಕು.

ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯ ಬಾಘೇವಾಲಾದಲ್ಲಿ ಆಯಿಲ್ ಇಂಡಿಯಾ ಕಂಪನಿಯವರ ಇನ್ನೊಂದು ನಿಕ್ಷೇಪವಿದೆ. 50 ಕೋಟಿ ವರ್ಷಕ್ಕೂ ಹಳೆಯ ಮರಳುಗಲ್ಲಿನಲ್ಲಿ ಇರುವ, ತುಂಬಾ ಮಂದವಾದ ಎಣ್ಣೆ. ಅಲ್ಲಿ ಹಫ್ ಅಂಡ್ ಪಫ್ ವಿಧಾನದಿಂದ ತೆಗೆಯುತ್ತಿದ್ದಾರೆ. ಕರ್ನಾಟಕದಲ್ಲಿ ಇಂಥದ್ದು ಹುಡುಕಬೇಡಿ. ನಮ್ಮ ನೆಲದಡಿ ಹೆಚ್ಚಾಗಿ ಗ್ರಾನೈಟ್, ನೈಸ್ ಕಲ್ಲು.

ಆದರೆ ಒರಿನೋಕೊ ಜೊತೆ ನಮಗೆ ನೇರ ಸಂಬಂಧವಿದೆ. ಅಲ್ಲಿನ ಸಾನ್ ಕ್ರಿಸ್ಟೋಬಾಲ್ ಯೋಜನೆಯಲ್ಲಿ 2008ರಿಂದ ಒಎನ್‌ಜಿಸಿ ವಿದೇಶ್‌ಗೆ ಶೇ 40 ಪಾಲಿದೆ. ಅದರ ಲಾಭಾಂಶ ವರ್ಷಗಟ್ಟಲೆ ಬಾಕಿ ಉಳಿದದ್ದು ಬೇರೆ ಕಥೆ. ಜಾಮ್‌ನಗರದ ರಿಫೈನರಿ ವೆನೆಜುವೆಲಾದ ಎಣ್ಣೆಯ ದೊಡ್ಡ ಗಿರಾಕಿಯಾಗಿತ್ತು. ಭಾರದ ಎಣ್ಣೆ ಅಗ್ಗ, ಆದರೆ ಎಲ್ಲ ರಿಫೈನರಿಗೂ ಅದು ಜೀರ್ಣವಾಗುವುದಿಲ್ಲ. ತಳದಲ್ಲಿ ಉಳಿಯುವ ಗಸಿಯನ್ನು 500 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸಿ ಒಡೆಯುವ ಕೋಕರ್ ಘಟಕ ಬೇಕು, ಗಂಧಕ ತೆಗೆಯುವ ವ್ಯವಸ್ಥೆ ಬೇಕು. ಮಂಗಳೂರಿನ ಎಂಆರ್‌ಪಿಎಲ್ ತನ್ನ ಮೂರನೇ ಹಂತದ ವಿಸ್ತರಣೆಯಲ್ಲಿ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದ ಕೋಕರ್ ಹಾಕಿಕೊಂಡಿತು. ಅಗ್ಗದ ಭಾರದ ಎಣ್ಣೆ ಕೊಳ್ಳುವ ಧೈರ್ಯ ಒಂದು ರಿಫೈನರಿಗೆ ಬರುವುದೇ ಇಂಥ ಘಟಕದಿಂದ. ಅಲ್ಲಿ ಒಡೆದ ಗಸಿಯಿಂದ ಡೀಸೆಲ್ ಆಗುವ ಭಾಗ ಮೇಲೆ ಬರುತ್ತದೆ. ಕೊನೆಗೆ ಉಳಿಯುವ ಕಪ್ಪು ಪೆಟ್ ಕೋಕ್ ಸಿಮೆಂಟ್ ಕಾರ್ಖಾನೆಗಳಂಥ ಕಡೆ ಕಲ್ಲಿದ್ದಲಿನ ಬದಲಿಗೆ ಉರಿಯುತ್ತದೆ.